ಬೆಳಗಿನ ಇಲಿ, ಸಂಜೆಯ ಇಲಿ

ಬೆಣ್ಣೆ ಸರ್ ಸಂಶೋಧನಾಲಯದ ನಿರ್ದೇಶಕರಾಗುತ್ತಾರಂತೆ ಎಂಬ ಸುದ್ದಿ ಬಂದ ದಿನ ಇಲಿಯಕ್ಕ ಒಂದು ಲೋಟ ಟೀ ಕುಡಿದಳು, ಒಂದು ಲೋಟ ಒಡೆದಳು. ಕೈಜಾರಿ ಒಡೆದದ್ದಲ್ಲ, ಗುರಿಯಿಟ್ಟು ಗೋಡೆಗೆ ಎಸೆದೇ ಒಡೆದದ್ದು. ಆಮೇಲೆ ತಾನೇ ಪೊರಕೆ ತಂದು ಗುಡಿಸಿ, ಚೂರುಗಳನ್ನು ಕಾಗದದಲ್ಲಿ ಸುತ್ತಿ ಬಿಸಾಕಿ, ಏನೂ ಆಗದವಳ ಹಾಗೆ ಇಲಿಗಳ ನೀರು ಬದಲಿಸಲು ಹೋದಳು.

ಬೆಣ್ಣೆ ಸರ್ ಎಂಬುದು ಆತನ ಶಿಷ್ಯರು ಇಟ್ಟ ಹೆಸರು. ಮಾತು ಅಷ್ಟು ನುಣುಪು. ಬೈಯುವುದಿದ್ದರೂ "ನೋಡಮ್ಮ ತಾಯಿ" ಎಂದೇ ಶುರು ಮಾಡುವ ಮನುಷ್ಯ. ಆ ಬೆಣ್ಣೆಯ ಮೇಲೆ ಕಾಲಿಟ್ಟವರಿಗೆ ಜಾರಿ ಬಿದ್ದು ಸೊಂಟ ಮುರಿದ ಮೇಲೇ ಗೊತ್ತಾಗುತ್ತಿತ್ತು. ಇವಳನ್ನು ಇಲಿಯಕ್ಕ ಎಂದು ಕರೆದವರೂ ಅದೇ ಶಿಷ್ಯರೇ, ಏಕೆಂದರೆ ಇವಳೂ ಒಂದು ಕಾಲಕ್ಕೆ ಅವರಲ್ಲೊಬ್ಬಳಾಗಿದ್ದಳು. ಮನುಷ್ಯರ ಜೊತೆ ಆಡುವುದಕ್ಕಿಂತ ಹೆಚ್ಚು ಮಾತು ಪಂಜರದ ಇಲಿಗಳ ಜೊತೆ ಆಡುತ್ತಿದ್ದಳು.

ಬೆಣ್ಣೆ ಸರ್ ಪ್ರಯೋಗಾಲಯದ ಕೆಲಸ ಹೇಳುವುದಕ್ಕೆ ಸುಲಭ, ನೋಡುವುದಕ್ಕೆ ಕಷ್ಟ. ಇಲಿಗೆ ಒಂದು ಮದ್ದು ಚುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಅದರ ಮೀಸೆ ಅದುರುತ್ತದೆ, ತಲೆ ತೂಗುತ್ತದೆ, ಆಮೇಲೆ ಮುಂಗಾಲೆರಡನ್ನೂ ಎತ್ತಿ ನಿಂತು ಹಿಂದಕ್ಕೆ ಬಿದ್ದು ಒದ್ದಾಡುತ್ತದೆ. ಫಿಟ್ಸ್. ಮನುಷ್ಯರಿಗೆ ಬರುವಂಥದ್ದೇ. ಇನ್ನೊಂದು ಗುಂಪಿಗೆ ಬರೀ ಉಪ್ಪುನೀರು ಚುಚ್ಚುತ್ತಾರೆ, ಅವಕ್ಕೆ ಏನೂ ಆಗುವುದಿಲ್ಲ. ಮದ್ದಿನ ಇಲಿ, ನೀರಿನ ಇಲಿ ಎಂದು ಕರೆಯುವ ವಾಡಿಕೆ. ಎರಡನ್ನೂ ಕೆಲವು ವಾರ ಸಾಕಿ, ಕೊಂದು, ಮೆದುಳು ತೆಗೆದು, ತಕ್ಷಣ ಹೆಪ್ಪುಗಟ್ಟಿಸಿ, ಅದರೊಳಗೆ ಯಾವ ರಾಸಾಯನಿಕ ಎಷ್ಟಿದೆ ಎಂದು ಅಳೆದು ಹೋಲಿಸಬೇಕು. ಫಿಟ್ಸ್ ಬಂದು ಹೋದ ಮೇಲೆ ಮೆದುಳು ಮೊದಲಿನಂತಾಗುತ್ತದೋ ಇಲ್ಲವೋ ಎಂಬುದು ಪ್ರಶ್ನೆ.

ಈ ಪ್ರಶ್ನೆ ಇಲಿಯಕ್ಕನಿಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. ಅವಳ ತಮ್ಮನಿಗೆ ಚಿಕ್ಕಂದಿನಿಂದ ಫಿಟ್ಸ್. ಆಟದ ಮಧ್ಯೆ ಅವನು ದೊಪ್ಪನೆ ಬಿದ್ದಾಗಲೆಲ್ಲ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಇವಳು. ಈಗ ಅವನಿಗೆ ಮಾತ್ರೆ ಹಿಡಿದಿದೆ, ಬಸ್ ನಿಲ್ದಾಣದ ಹತ್ತಿರ ಚೀಲಗಳ ಜಿಪ್ ರಿಪೇರಿ ಮಾಡುವ ಪುಟ್ಟ ಅಂಗಡಿ ಇಟ್ಟಿದ್ದಾನೆ, ಬಾಯಿ ಮಾತ್ರ ಎರಡು ಅಂಗಡಿಯಷ್ಟು ದೊಡ್ಡದು. ಅಕ್ಕ ಮೊದಲ ಸಲ "ಏನೋ ಸಿಕ್ಕಿತು ಕಣೋ" ಎಂದು ಮನೆಗೆ ಓಡಿಬಂದಾಗ ಅವನು ಅದನ್ನು ಊರಿಗೆಲ್ಲ ಡಂಗುರ ಹೊಡೆದುಬಿಟ್ಟ. ಜಿಪ್ ಹಾಕಿಸಲು ಬಂದವರಿಗೆ, ಜಿಪ್ ಹಾಕಿಸದೆ ಸುಮ್ಮನೆ ದಾರಿಯಲ್ಲಿ ಹೋಗುವವರಿಗೆ, ಎಲ್ಲರಿಗೂ ಒಂದೇ ಮಾತು: "ನಮ್ಮಕ್ಕ ನನ್ನ ಕಾಯಿಲೆ ಮೇಲೆ ದೊಡ್ಡದು ಕಂಡುಹಿಡಿದಿದ್ದಾಳೆ, ಗೊತ್ತಾ?"

ಅವಳು ಕಂಡದ್ದು ಇದು. ಮೆದುಳನ್ನು ತಣ್ಣಗಿಡುವ ಒಂದು ರಾಸಾಯನಿಕ, ಫಿಟ್ಸ್ ಬಂದ ಇಲಿಗಳಲ್ಲಿ ವಾರಗಳಾದ ಮೇಲೂ ಅರ್ಧಕ್ಕೆ ಇಳಿದೇ ಇತ್ತು. ಇಲಿ ತಿನ್ನುತ್ತಿತ್ತು, ಓಡುತ್ತಿತ್ತು, ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ. ಒಳಗೆ ಮಾತ್ರ ಮೆದುಳು ಆ ದಿನವನ್ನು ಮರೆತಿರಲಿಲ್ಲ. ತಮ್ಮ ಕೂಡ ಹಾಗೆಯೇ ಅಲ್ಲವೇ ಎಂದು ಅವಳಿಗೆ ಅನಿಸಿ ಅಳು ಬಂದಿತ್ತು.

ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದರು. ಇಲಿಯಕ್ಕ ರಜೆ ಹಾಕಿ ಮನೆಯಲ್ಲಿ ಉಳಿದಳು. ಅಮ್ಮನ ಕ್ರಿಯೆ ಮುಗಿಸಿ ವಾಪಸು ಬರುವ ಹೊತ್ತಿಗೆ ಅವಳ ಕೆಲಸ ದೊಡ್ಡ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಕೆಳಗೆ ಒಂದೇ ಹೆಸರು, ಬೆಣ್ಣೆ ಸರ್‌ದು. ಕೊನೆಯಲ್ಲಿ ಧನ್ಯವಾದದ ಸಾಲುಗಳಿದ್ದವು. ಇಲಿ ತಿಂಡಿ ಸರಬರಾಜು ಮಾಡಿದ ಕಂಪನಿಗೆ ಕೂಡ ಅದರಲ್ಲಿ ಧನ್ಯವಾದವಿತ್ತು. ಇವಳ ಹೆಸರಿಗೆ ಎಳ್ಳುನೀರು ಬಿಟ್ಟಿದ್ದರು.

"ನೋಡಮ್ಮ ತಾಯಿ," ಎಂದಿದ್ದರು ಬೆಣ್ಣೆ ಸರ್, "ಹೆಸರಲ್ಲಿ ಏನಿದೆ? ವಿಜ್ಞಾನ ಬೆಳೆದರೆ ಸಾಕಲ್ವಾ? ನೀನಿನ್ನೂ ಚಿಕ್ಕವಳು, ಮುಂದೆ ಎಷ್ಟೋ ಮಾಡ್ತೀಯ."

ಮುಂದೆ ಆದದ್ದು ಏನೆಂದರೆ, ಬಾಯಿಬಿಟ್ಟ ತಪ್ಪಿಗೆ ಅವಳಿಗೆ ಆ ಕಟ್ಟಡದ ಬಾಗಿಲೇ ಮುಚ್ಚಿತು. ಪಶುವೈದ್ಯ ಕಾಲೇಜೊಂದರ ಹಿಂಬದಿಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಒಂದು ಕಡೆ ದನಗಳ ಸಗಣಿ ಪರೀಕ್ಷೆ, ಇನ್ನೊಂದು ಕಡೆ ಇವಳ ಇಲಿ ಪಂಜರಗಳು. ದಿನಪತ್ರಿಕೆಯಲ್ಲಿ ಬೆಣ್ಣೆ ಸರ್ ಫೋಟೋ ಬಂದಾಗ ಯಾವನೋ ಗಿರಾಕಿ ಅದನ್ನು ತಮ್ಮನ ಅಂಗಡಿಗೆ ತಂದು, "ನಿಮ್ಮಕ್ಕನಿಗೆ ಮೀಸೆ ಯಾವಾಗ ಬಂತಪ್ಪಾ?" ಎಂದು ನಕ್ಕಿದ್ದ. ತಮ್ಮ ಅವನ ಚೀಲವನ್ನು ರಸ್ತೆಗೆ ಎಸೆದ. ಆ ಸಂಜೆ ಬಹಳ ದಿನಗಳ ಮೇಲೆ ಅವನಿಗೆ ಮತ್ತೆ ಫಿಟ್ಸ್ ಬಂತು. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಇಲಿಯಕ್ಕ ಹಲ್ಲು ಕಚ್ಚಿ ಹೇಳಿಕೊಂಡಳು: ಈ ಮನುಷ್ಯನಿಗೆ ನಾನು ಮಣ್ಣು ಮುಕ್ಕಿಸದೆ ಬಿಡುವುದಿಲ್ಲ.

ಹೆಸರು ಕದ್ದದ್ದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಆತ ಅವಳ ಕರುಳನ್ನೂ ಕದ್ದ. ಫಿಟ್ಸ್ ಆದ ಇಲಿ ಒಂದೆರಡು ದಿನ ಸೋತು ಬಿದ್ದಿರುತ್ತದೆ, ತಾನಾಗಿ ತಿನ್ನಲಾರದು. ಇಲಿಯಕ್ಕ ಬ್ರೆಡ್ ನೆನೆಸಿ, ಬೆರಳ ತುದಿಯಲ್ಲಿ ಅವುಗಳ ಬಾಯಿಗೆ ಇಡುತ್ತಿದ್ದಳು. ಕೊಲ್ಲುವ ದಿನ ಬಂದಾಗಲೂ ಮದ್ದಿನ ಇಲಿಗಳನ್ನು ಸರದಿಗಾಗಿ ಕಾಯಿಸಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಒಮ್ಮೆ ಅಷ್ಟು ನರಳಿದ ಜೀವಗಳು, ಪಕ್ಕದ ಪಂಜರ ಖಾಲಿಯಾಗುವುದನ್ನು ನೋಡುತ್ತಾ ದಿನವಿಡೀ ಕೂರುವುದು ಬೇಡ ಎಂದು ಬೆಳಿಗ್ಗೆ ಬಂದ ಕೂಡಲೇ ಅವುಗಳದ್ದನ್ನು ಮುಗಿಸುತ್ತಿದ್ದಳು. ನೀರಿನ ಇಲಿಗಳ ಸರದಿ ಸಂಜೆಗೆ. ಇದನ್ನೆಲ್ಲ ಬೆಣ್ಣೆ ಸರ್ ಬಾಗಿಲಲ್ಲಿ ನಿಂತು ನೋಡಿದ್ದರು. ಈಗ ಹೋದ ಹೋದ ವೇದಿಕೆಯಲ್ಲಿ, "ಬ್ರೆಡ್ ನೆನೆಸಿ ನನ್ನ ಕೈಯಾರೆ ತಿನ್ನಿಸ್ತಿದ್ದೆ, ಆ ಮೂಕಪ್ರಾಣಿಗಳು ಕಾಯಬಾರದು ಅಂತ ಬೆಳಿಗ್ಗೆನೇ ಅವುಗಳ ಕೆಲಸ ಮುಗಿಸ್ತಿದ್ದೆ" ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಬ್ಬಾ, ಇಲಿಯ ಬಾಲ ಮುಟ್ಟಿದರೆ ಸಾಬೂನು ಹಾಕಿ ಮೊಣಕೈವರೆಗೆ ತೊಳೆದುಕೊಳ್ಳುವ ಮನುಷ್ಯ!

ಆ ಕೆಲಸ ತನ್ನದು ಎಂದು ತೋರಿಸಲು ಇಲಿಯಕ್ಕನಿಗೆ ಇದ್ದದ್ದು ಒಂದೇ ದಾರಿ. ಅದನ್ನು ಮತ್ತೆ ಮಾಡಬೇಕು, ಇನ್ನೂ ಮುಂದಕ್ಕೆ ಒಯ್ಯಬೇಕು, ಕದ್ದವನಿಗೆ ಮುಟ್ಟಲಾಗದಷ್ಟು ದೂರ. ಸಗಣಿ ಪರೀಕ್ಷೆಯ ಮಧ್ಯೆ ಬಿಡುವು ಮಾಡಿಕೊಂಡು ಶುರು ಹಚ್ಚಿಕೊಂಡಳು. ಆ ಕಾಲೇಜಿನಲ್ಲಿ ಮೆದುಳು ಹೆಪ್ಪುಗಟ್ಟಿಸುವ ಯಂತ್ರ ಒಂದೇ, ಅದೂ ಬೆಳಗಿನ ಹೊತ್ತು ಮಾತ್ರ ಇವಳ ಪಾಲಿಗೆ ಸಿಗುತ್ತಿತ್ತು. ಹಾಗಾಗಿ ಬೇರೆ ದಾರಿಯಿಲ್ಲದೆ ಒಂದು ಮದ್ದಿನ ಇಲಿ, ಒಂದು ನೀರಿನ ಇಲಿ, ಮತ್ತೊಂದು ಮದ್ದಿನದು, ಮತ್ತೊಂದು ನೀರಿನದು, ಹೀಗೆ ಜೋಡಿಜೋಡಿಯಾಗಿ ಒಂದೇ ಹೊತ್ತಿನಲ್ಲಿ ಮುಗಿಸಿದಳು.

ಅಳತೆ ಬಂತು. ಎರಡು ಗುಂಪಿಗೂ ಏನೂ ವ್ಯತ್ಯಾಸವಿರಲಿಲ್ಲ.

ಯಂತ್ರ ಕೆಟ್ಟಿದೆ ಎಂದುಕೊಂಡಳು. ಮದ್ದು ಹಳತಾಗಿದೆ ಎಂದುಕೊಂಡಳು. ಮತ್ತೆ ಮಾಡಿದಳು, ಮತ್ತೆ ಅದೇ. ಆಗ ಹೊಳೆಯಿತು, ಅಂದಿಗೂ ಇಂದಿಗೂ ಬದಲಾದದ್ದು ಕೊಲ್ಲುವ ಹೊತ್ತು ಮಾತ್ರ. ಆ ರಾಸಾಯನಿಕ ಬೆಳಿಗ್ಗೆ ಒಂದು ಮಟ್ಟದಲ್ಲಿರುತ್ತದೆ, ಸಂಜೆ ಇನ್ನೊಂದು ಮಟ್ಟಕ್ಕೆ ಏರುತ್ತದೆ, ಯಾವ ಇಲಿಯಾದರೂ ಸರಿ. ಅವಳು ಅಂದು ಕಂಡದ್ದು ಫಿಟ್ಸ್ ಆದ ಇಲಿ, ಆಗದ ಇಲಿ ಎಂಬ ಭೇದವನ್ನಲ್ಲ. ಬೆಳಗಿನ ಇಲಿಗೂ ಸಂಜೆಯ ಇಲಿಗೂ ಇರುವ ಭೇದವನ್ನು. ಮರುಕದಿಂದ ಮಾಡಿದ ಕೆಲಸವೇ ಇಡೀ ಲೆಕ್ಕವನ್ನು ಕೆಡಿಸಿತ್ತು. ಎರಡು ಗುಂಪನ್ನೂ ಒಂದೇ ಹೊತ್ತಿಗೆ ಮುಗಿಸಬೇಕೆಂಬುದು ಮೊದಲ ವರ್ಷದವರಿಗೆ ಹೇಳಿಕೊಡುವ ಪಾಠ.

ಆ ದಿನ ಅವಳು ಊಟ ಮಾಡಲಿಲ್ಲ. ತಮ್ಮ ಬಾಗಿಲು ಬಡಿದೂ ಬಡಿದೂ ಕೊನೆಗೆ ಒಳಗೆ ಬಂದ.

"ಏನಾಯ್ತಕ್ಕ? ಇಲಿ ಸತ್ತೋಯ್ತಾ? ಅದು ಸಾಯ್ಲಿ ಅಂತಾನೇ ಅಲ್ವಾ ನೀನು ಸಾಕೋದು?"

ಅವಳು ಎಲ್ಲವನ್ನೂ ಹೇಳಿದಳು. ತಾನು ಕಂಡದ್ದು ಸುಳ್ಳಾಗಿತ್ತು ಎಂದಳು. ಅವನು ತಲೆ ಕೆರೆದುಕೊಂಡ.

"ತಪ್ಪಾದ್ರೆ ಆಯ್ತು ಬಿಡು. ತಪ್ಪಾದ್ರೂ ನಿಂದೇ ತಾನೇ? ನನಗೋಸ್ಕರ ಮಾಡಿದ್ದು ತಾನೇ? ನಾನಂತೂ ಎಲ್ರಿಗೂ ಅದನ್ನೇ ಹೇಳೋದು."

ಆ ಮಾತಿಗೆ ಅವಳಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಹೊಕ್ಕು ಕೂತಿತ್ತು. ನಿಂದೇ ತಾನೇ ಎಂದರೆ, ಅಲ್ಲವಲ್ಲ! ಅಚ್ಚಾದ ಹೆಸರು ಯಾರದ್ದು? ವೇದಿಕೆ ವೇದಿಕೆಯಲ್ಲಿ ನನ್ನ ಕೈ, ನನ್ನ ಬ್ರೆಡ್ಡು, ನನ್ನ ಬೆಳಿಗ್ಗೆ ಎಂದು ಬಡಾಯಿ ಕೊಚ್ಚಿದ್ದು ಯಾರು? ಕದ್ದ ಮಾಲಿನೊಳಗೆ ಹುಳ ಇತ್ತು, ಕಳ್ಳನಿಗೆ ಗೊತ್ತೇ ಇರಲಿಲ್ಲ. ಅವಳು ಎದ್ದು ಕೂತು ನಕ್ಕಳು. ಎಷ್ಟು ನಕ್ಕಳೆಂದರೆ ತಮ್ಮ ಹೆದರಿ ನೀರು ತಂದುಕೊಟ್ಟ. ವಿಜ್ಞಾನದ ಒಳಿತಿಗೆ, ಸತ್ಯಕ್ಕೋಸ್ಕರ ಎಂದೆಲ್ಲ ಅವಳು ತನ್ನ ಕಿವಿಗೇ ಹೂ ಮುಡಿಸಿಕೊಳ್ಳಲಿಲ್ಲ. ಆತ ಬೀಳಬೇಕು, ಎಲ್ಲರೂ ನೋಡುತ್ತಿರುವಾಗ ಬೀಳಬೇಕು, ತಾನು ಮುಂದಿನ ಸಾಲಿನಲ್ಲಿ ಕೂತು ಅದನ್ನು ನೋಡಬೇಕು. ಅಷ್ಟೇ.

ನಿರ್ದೇಶಕ ಸ್ಥಾನಕ್ಕೆ ಆಯ್ಕೆಯಾಗುವ ಮುನ್ನ ಎಲ್ಲರ ಎದುರು ಉಪನ್ಯಾಸ ಕೊಡಬೇಕೆಂಬುದು ಸಂಶೋಧನಾಲಯದ ಕ್ರಮ. ಯಾರು ಬೇಕಾದರೂ ಬರಬಹುದು, ಯಾರು ಬೇಕಾದರೂ ಕೇಳಬಹುದು. ಇಲಿಯಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದಳು. ಸಭಾಂಗಣದಲ್ಲಿ ಹೊಸ ಕುರ್ಚಿಗಳ ರಬ್ಬರ್ ವಾಸನೆ ಇತ್ತು. ಮುಂದಿನ ಸಾಲಿನ ಮಧ್ಯದಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷೆ ಕೂತಿದ್ದರು. ವಯಸ್ಸಾದ ವಿಜ್ಞಾನಿ, ಎಲ್ಲರ ಬಾಯಲ್ಲೂ ದೊಡ್ಡಮ್ಮ. ಕಿವಿಗೆ ಯಂತ್ರ ಹಾಕಿಕೊಂಡಿದ್ದರೂ ಆಕೆಗೆ ಕೇಳಿಸದ ಸುಳ್ಳು ಇಲ್ಲ ಎಂದು ಪ್ರತೀತಿ. ಇಲಿಯಕ್ಕ ಆಕೆಯ ಬಲಕ್ಕೆ ಖಾಲಿಯಿದ್ದ ಕುರ್ಚಿಯಲ್ಲಿ ಕೂತಳು.

ಬೆಣ್ಣೆ ಸರ್ ಅವಳನ್ನು ನೋಡಿದರು. ಒಂದು ಕ್ಷಣ ಮಾತು ತಡವರಿಸಿತು, ಆಮೇಲೆ ಅದೇ ನುಣುಪು ನಗೆ. ಮದ್ದು, ಫಿಟ್ಸ್, ಅರ್ಧಕ್ಕೆ ಇಳಿದ ರಾಸಾಯನಿಕ, ಎಲ್ಲ ಬಂತು. ಬ್ರೆಡ್ಡೂ ಬಂತು, ಬೆಳಿಗ್ಗೆನೇ ಮುಗಿಸಿದ ಕಥೆಯೂ ಬಂತು. ಕಣ್ಣೂ ಒದ್ದೆಯಾಯಿತು. ಚಪ್ಪಾಳೆ ನಿಂತ ಮೇಲೆ ಇಲಿಯಕ್ಕ ಕೈ ಎತ್ತಿದಳು.

"ಸರ್, ಒಂದು ಸಣ್ಣ ಅನುಮಾನ. ಈ ಕೆಲಸ ಪೂರ್ತಿ ನೀವೊಬ್ಬರೇ ಮಾಡಿದ್ದಾ?"

ಆತನಿಗೆ ಜೀವ ಬಂದಂತಾಯಿತು. ಹೆಸರಿನ ಜಗಳ ತೆಗೆಯಲು ಬಂದಿದ್ದಾಳೆ ಎಂದುಕೊಂಡಿರಬೇಕು. ಆ ಜಗಳಕ್ಕೆ ಆತ ಎಂದೋ ಸಿದ್ಧರಾಗಿದ್ದರು.

"ನೋಡಮ್ಮ ತಾಯಿ, ಸಹಾಯಕ್ಕೆ ಎಷ್ಟೋ ಜನ ಬರ್ತಾರೆ, ಹೋಗ್ತಾರೆ. ಆದರೆ ಮೊದಲ ಸೂಜಿಯಿಂದ ಕೊನೆಯ ಅಳತೆವರೆಗೆ ನನ್ನ ಕೈಯಿಂದಲೇ ಆದದ್ದು. ಅದಕ್ಕೇ ಅಲ್ವಾ ಒಂದೇ ಹೆಸರು ಇರೋದು."

"ಮದ್ದಿನ ಇಲಿಗಳನ್ನ ಬೆಳಿಗ್ಗೆ ಮುಗಿಸ್ತಿದ್ರಿ ಅಂದ್ರಲ್ಲ ಸರ್, ಅದೂ ನೀವೇನಾ?"

"ನಾನೇ. ಅದನ್ನ ಬೇರೆಯವರ ಕೈಗೆ ಕೊಡೋಕೆ ನನಗೆ ಮನಸ್ಸೇ ಬರ್ತಿರ್ಲಿಲ್ಲ."

"ನೀರಿನ ಇಲಿಗಳನ್ನ?"

"ಅವನ್ನ ಸಂಜೆ," ಎಂದರು ಬೆಣ್ಣೆ ಸರ್, ಹೆಮ್ಮೆಯಿಂದ.

ದೊಡ್ಡಮ್ಮನ ಪೆನ್ನು ನಿಂತಿತು. ಆಕೆ ಕಿವಿಯ ಯಂತ್ರವನ್ನು ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು.

"ಏನಂದ್ರಿ? ಒಂದು ಗುಂಪು ಬೆಳಿಗ್ಗೆ, ಇನ್ನೊಂದು ಗುಂಪು ಸಂಜೆ?"

"ಯಾವಾಗಲೂ ಹಾಗೇನಾ ಸರ್?" ಎಂದಳು ಇಲಿಯಕ್ಕ, ಬೆಣ್ಣೆಯಂಥದೇ ದನಿಯಲ್ಲಿ. "ನಮ್ಮ ಬಡ ಕಾಲೇಜಲ್ಲಿ ಯಂತ್ರ ಬೆಳಿಗ್ಗೆ ಮಾತ್ರ ಸಿಗುತ್ತೆ. ಎರಡು ಗುಂಪನ್ನೂ ಒಂದೇ ಹೊತ್ತಿಗೆ ಮಾಡಿದ್ವಿ. ಫಿಟ್ಸ್ ಬಂದ ದಿನ ಏರುಪೇರು ಇರುತ್ತೆ, ನಿಜ. ಆದರೆ ವಾರಗಳಾದ ಮೇಲೆ ನೋಡಿದ್ರೆ ನೀವು ಹೇಳೋ ವ್ಯತ್ಯಾಸ ಇಲ್ಲವೇ ಇಲ್ಲ. ಆಮೇಲೆ ಕಾಡಿ ಬೇಡಿ ಒಂದು ಸಂಜೆಗೂ ಯಂತ್ರ ಪಡ್ಕೊಂಡು, ಬರೀ ನೀರಿನ ಇಲಿಗಳನ್ನೇ ತಗೊಂಡು ಬೆಳಿಗ್ಗೆ ಒಂದಷ್ಟು, ಸಂಜೆ ಒಂದಷ್ಟು ಮಾಡಿ ನೋಡಿದ್ವಿ. ಆಗ ಬಂತು ಸರ್ ನಿಮ್ಮ ಅರ್ಧ."

ಅಲ್ಲಿದ್ದವರೆಲ್ಲ ಅದೇ ಕಸುಬಿನವರು, ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯಯ್ಯೋ" ಎಂದರು. ಯಾರೋ ಕಿಸಕ್ಕೆಂದರು. ಬೆಣ್ಣೆ ಸರ್ ಲೋಟದ ನೀರಿಗೆ ಕೈ ಚಾಚಿದರು. ಲೋಟ ವಾಲಿ ನೀರು ಅಂಗಿಯ ಮೇಲೆ ಚೆಲ್ಲಿತು. ಇಲಿಯಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಒಂಬತ್ತು ವರ್ಷ ಹೊಟ್ಟೆಯಲ್ಲಿ ಉರಿದದ್ದು ಈಗ ತಂಪಾಗುತ್ತಿತ್ತು. ಇನ್ನೂ ಚೆಲ್ಲಲಿ ಎಂದುಕೊಂಡಳು.

"ಇದು ಎಳೆ ಹುಡುಗರು ಮಾಡೋ ತಪ್ಪಲ್ಲವೇನ್ರೀ?" ಎಂದರು ದೊಡ್ಡಮ್ಮ. "ನಿಮ್ಮಂಥವರು ಹೇಗೆ ಮಾಡಿದ್ರಿ?"

ಆಗ ಅದು ನಡೆಯಿತು. ಬೆಣ್ಣೆ ಸರ್ ಮೇಜಿನ ಅಂಚು ಹಿಡಿದುಕೊಂಡು, ಮೈಕು ಬಾಯಿಗೆ ತಾಗುವಷ್ಟು ಬಾಗಿ, ಕೂಗಿಬಿಟ್ಟರು.

"ನಾನು ಮಾಡ್ಲಿಲ್ಲ ಮೇಡಂ! ಮಾಡಿದ್ದು ಇವಳು! ಇಲ್ಲಿ ಕೂತಿದ್ದಾಳಲ್ಲ, ಇವಳೇ! ಚುಚ್ಚಿದವಳೂ ಇವಳು, ಮೆದುಳು ತೆಗೆದವಳೂ ಇವಳು, ಬೆಳಿಗ್ಗೆ ಸಂಜೆ ಅಂತ ಮಾಡಿದವಳೂ ಇವಳೇ. ನಾನು ಒಂದು ಇಲಿಯನ್ನೂ ಮುಟ್ಟಿಲ್ಲ. ಪೂರ್ತಿ ಇವಳ ಕೆಲಸ, ನಾನು ಬರೀ ಬರೆದದ್ದು!"

ಇಲಿಯಕ್ಕನ ಮೈ ಜುಮ್ಮೆಂದಿತು. ಇದೇ ಮಾತು. ಇದೇ ಬಾಯಿಂದ, ಇಷ್ಟೇ ಜನರ ಮುಂದೆ, ಹೀಗೇ ಮೈಕಿನಲ್ಲಿ. ಎಷ್ಟು ದಿನ ಕಸ ಗುಡಿಸುತ್ತಾ, ಬಸ್ಸಿನಲ್ಲಿ ನೇತಾಡುತ್ತಾ, ಇಲಿಗಳಿಗೆ ನೀರು ಬದಲಿಸುತ್ತಾ ಈ ಮಾತನ್ನು ಕಿವಿಯೊಳಗೆ ಕೇಳಿಸಿಕೊಂಡಿದ್ದಳು! ಪೂರ್ತಿ ಇವಳ ಕೆಲಸ. ಕದ್ದದ್ದನ್ನು ಕಳ್ಳ ತಾನಾಗಿಯೇ ಕಾಲಬುಡಕ್ಕೆ ತಂದು ಹಾಕಿದ್ದ. ಹುಳ ಹಿಡಿದಿರಬಹುದು, ಆದರೂ ಅವಳದ್ದು. ಒಂದು "ಹೌದು" ಎಂದರೆ ಸಾಕಿತ್ತು.

ದೊಡ್ಡಮ್ಮ ಇವಳ ಕಡೆ ತಿರುಗಿದರು. "ಹೌದಾ ಮಗಳೇ? ಇದು ನಿನ್ನ ಕೆಲಸವಾ?"

ಇಲಿಯಕ್ಕ ವೇದಿಕೆಯತ್ತ ನೋಡಿದಳು. ಬೆಣ್ಣೆ ಸರ್ ಅವಳನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ಆಸೆ ಇತ್ತು. ಹೌದು ಅನ್ನು ತಾಯಿ, ಅನ್ನು, ನಾನು ಬಚಾವಾಗುತ್ತೇನೆ ಎಂದು ಆ ಕಣ್ಣು ಬೇಡುತ್ತಿತ್ತು. ಅವಳು ಹೌದು ಎಂದರೆ ಎಳೆಯ ಶಿಷ್ಯೆಯ ತಪ್ಪನ್ನು ನಂಬಿ ಮೋಸಹೋದ ಗುರು ಎನಿಸಿಕೊಂಡು ಆತ ಅರ್ಧ ಮರ್ಯಾದೆಯಾದರೂ ಉಳಿಸಿಕೊಳ್ಳುತ್ತಿದ್ದರು. ಅದನ್ನು ನೋಡಿದ್ದೇ ತಡ ಅವಳ ಒಳಗೆ ತಂಪಾಗಿದ್ದ ಉರಿ ಮತ್ತೆ ಧಗ್ಗೆಂದು ಹತ್ತಿಕೊಂಡಿತು.

"ನನ್ನದಾ?" ಎಂದಳು ಎದ್ದು ನಿಂತು. "ಅದರಲ್ಲಿ ನನ್ನ ಹೆಸರೆಲ್ಲಿದೆ ಮೇಡಂ? ಇಲಿ ತಿಂಡಿ ಕಂಪನಿಯ ಹೆಸರಿದೆ, ಬೇಕಾದ್ರೆ ತೆಗೆದು ನೋಡಿ. ನನ್ನದಿಲ್ಲ. ಮೊದಲ ಸೂಜಿಯಿಂದ ಕೊನೆಯ ಅಳತೆವರೆಗೆ ಸರ್ ಒಬ್ಬರೇ ಮಾಡಿದ್ದು ಅಂತ ಈಗಷ್ಟೇ ಅವರೇ ಹೇಳಿದ್ರಲ್ಲ. ಸಿಕ್ಕಿಬಿದ್ದ ಕೂಡಲೇ ಬೇರೆಯವರ ತಲೆಗೆ ಕಟ್ಟೋದಾ ಸರ್?"

ಛೀ ಎಂದಿತು ಸಭೆ. ನಿಜವಾಗಿಯೂ ಹಾಗೆಂದಿತು, ಒಂದೇ ದನಿಯಲ್ಲಿ. ದೊಡ್ಡಮ್ಮ ಕಾಗದಗಳನ್ನು ಜೋಡಿಸಿಕೊಂಡು, ವೇದಿಕೆಯ ಕಡೆ ತಿರುಗಿಯೂ ನೋಡದೆ ಎದ್ದು ಹೋದರು. ಬೆಣ್ಣೆ ಸರ್ "ಸತ್ಯ ಹೇಳ್ತಿದ್ದೀನಿ, ಈಗ ಹೇಳ್ತಿರೋದೇ ಸತ್ಯ" ಎಂದು ಖಾಲಿಯಾಗುತ್ತಿದ್ದ ಕುರ್ಚಿಗಳಿಗೆ ಹೇಳುತ್ತಾ ನಿಂತಿದ್ದರು. ಅದು ಸತ್ಯವೆಂದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ಇನ್ನೊಬ್ಬಳಿಗೆ ಮಾತ್ರ, ಅವಳು ಮೆಟ್ಟಿಲಿಳಿದು ಬಸ್ ಹಿಡಿಯಲು ಹೊರಟಿದ್ದಳು.

ಸೀದಾ ತಮ್ಮನ ಅಂಗಡಿಗೆ ಬಂದಳು. ಅವನು ಯಾರದ್ದೋ ಸೂಟ್‌ಕೇಸಿನ ಜಿಪ್ ಎಳೆಯುತ್ತಿದ್ದ. ಸ್ಟೂಲು ಎಳೆದುಕೊಂಡು ಕೂತು, ಒಂದೂ ಬಿಡದೆ ಹೇಳಿದಳು, ಚೆಲ್ಲಿದ ನೀರನ್ನು ಎರಡು ಸಲ ಹೇಳಿದಳು. ತಮ್ಮ ಕೇಕೆ ಹಾಕಿದ, ಇಕ್ಕಳವನ್ನು ಮೇಜಿಗೆ ಕುಟ್ಟಿದ, ಪಕ್ಕದ ಅಂಗಡಿಯಿಂದ ಟೀ ತರಿಸಿದ. "ಭೇಷ್ ಅಕ್ಕಾ! ನೀರು ಕುಡಿಸಿಬಿಟ್ಟೆಯಲ್ಲೇ ಆ ಮುದುಕನಿಗೆ!" ಎಂದು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಆಮೇಲೆ ಅವನ ನಗು ನಿಧಾನವಾಯಿತು.

"ತಾಳು ತಾಳು. ಎಲ್ಲರ ಮುಂದೆ, ಮೈಕಲ್ಲಿ, ಇದು ಪೂರ್ತಿ ಇವಳ ಕೆಲಸ ಅಂದ್ನಾ ಅವನು?"

"ಅಂದ."

"ನಿನ್ನನ್ನೂ ಕೇಳಿದ್ರಾ, ನಿಂದಾ ಅಂತ?"

"ಕೇಳಿದ್ರು."

"ನೀನು ನನ್ನ ಹೆಸರೆಲ್ಲಿದೆ ಅಂದೆ."

"ಹ್ಞೂಂ."

"ಅಂದ್ರೆ ನಂದಲ್ಲ ಅಂದ ಹಾಗಾಯ್ತು."

ಇಲಿಯಕ್ಕ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ರಸ್ತೆಯಲ್ಲಿ ಬಸ್ಸೊಂದು ಹೊಗೆ ಬಿಟ್ಟು ಹೋಯಿತು. ತಮ್ಮ ಸೂಟ್‌ಕೇಸನ್ನು ಮತ್ತೆ ಹತ್ತಿರ ಎಳೆದುಕೊಂಡ, ಆದರೆ ಜಿಪ್ಪಿಗೆ ಕೈ ಹಾಕಲಿಲ್ಲ.

"ಅಕ್ಕ, ಇನ್ಮೇಲೆ ಅಂಗಡಿಗೆ ಬಂದೋರಿಗೆ ನಾನು ಏನಂತ ಹೇಳ್ಲಿ?"

"ಅವನು ಮಣ್ಣು ಮುಕ್ಕಿದ ಅಂತ ಹೇಳು. ನಮ್ಮಕ್ಕ ಮುಕ್ಕಿಸಿದ್ಲು ಅಂತ ಹೇಳು."

"ಅದು ಅವನ ವಿಷಯ ಆಯ್ತಲ್ಲಕ್ಕ," ಎಂದ ತಮ್ಮ. "ನಾನು ಕೇಳಿದ್ದು ನಿನ್ನ ವಿಷಯ."